ಚೀಲದೊಳಗೆ ತಾನಾಗಿ ಆನ್ ಆಗುವ ಹಳೆಯ ಪಾಕೆಟ್ ಪಿಸಿ: ರೆಕಾರ್ಡ್ ಬಟನ್ ಸುಮ್ಮನಿರಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಹಳೆಯ ಪಾಕೆಟ್ ಪಿಸಿ, ಅಂದರೆ ಅಂಗೈಯಷ್ಟು ಚಿಕ್ಕ ಕಂಪ್ಯೂಟರ್ ಇದೆ. ಅದನ್ನು ನಡೆಸುವ ಸಾಫ್ಟ್‌ವೇರ್ ವಿಂಡೋಸ್ ಮೊಬೈಲ್ 2003, 64 ಎಂಬಿ ರ‍್ಯಾಮ್. ದಿನದ ಲೆಕ್ಕ, ಫೋನ್ ನಂಬರು, ಓದಬೇಕಾದ ಪುಸ್ತಕ ಎಲ್ಲ ಇದರಲ್ಲೇ ಇವೆ. ಇವತ್ತಿಗೂ ಚೆನ್ನಾಗಿ ಕೆಲಸ ಮಾಡುತ್ತದೆ, ಬಿಡಲು ಮನಸ್ಸಿಲ್ಲ.

ತೊಂದರೆ ಎಡ ಅಂಚಿನಲ್ಲಿರುವ ರೆಕಾರ್ಡ್ ಬಟನ್‌ನದು. ನನಗೆ ಧ್ವನಿ ರೆಕಾರ್ಡ್ ಮಾಡುವ ಅಗತ್ಯವೇ ಇಲ್ಲ. ಆದರೆ ಚೀಲದಲ್ಲಿ ಪುಸ್ತಕಗಳ ನಡುವೆ ಇಟ್ಟರೆ ಈ ಬಟನ್ ಒತ್ತಿಕೊಂಡು ಪಿಸಿ ಆನ್ ಆಗುತ್ತದೆ. ಮೊನ್ನೆ ಹೊರಗೆ ತೆಗೆದರೆ ಹಿಂಭಾಗ ಬೆಚ್ಚಗಿತ್ತು. ನೋಟ್ಸ್ ಪ್ರೋಗ್ರಾಂ ತೆರೆದುಕೊಂಡಿತ್ತು, ಒಳಗೆ ಏಳು ಹೊಸ ರೆಕಾರ್ಡಿಂಗ್. ಒಂದನ್ನು ಕೇಳಿದೆ. ಮೊದಲು ಒಂದು ಬೀಪ್, ಆಮೇಲೆ ಬಟ್ಟೆ ಉಜ್ಜುವ ಸರಸರ, ನಡುವೆ ಜಿಪ್ ಎಳೆದ ಸದ್ದು. ಹೋದ ತಿಂಗಳು ಹೀಗೇ ಬ್ಯಾಟರಿ ಪೂರ್ತಿ ಇಳಿದು ಎರಡು ವಾರದ ಲೆಕ್ಕ ಅಳಿಸಿಹೋಯಿತು. ತುಂಬಾ ಬೇಜಾರಾಯಿತು.

ಸೆಟ್ಟಿಂಗ್ಸ್ ಒಳಗೆ ಬಟನ್ಸ್‌ಗೆ ಹೋಗಿ ಆ ಬಟನ್‌ಗೆ ‘ನನ್’ ಎಂದು ಕೊಟ್ಟಿದ್ದೇನೆ, ಅಂದರೆ ಯಾವ ಕೆಲಸವೂ ಬೇಡ ಅಂತ. ರೆಕಾರ್ಡ್ ಆಗುವುದು ನಿಂತಿತು. ಆದರೆ ಒತ್ತಿದರೆ ಸ್ಕ್ರೀನ್ ಈಗಲೂ ಆನ್ ಆಗುತ್ತದೆ. ಇದನ್ನು ಪೂರ್ತಿ ನಿಲ್ಲಿಸಲು ಆಗುತ್ತಾ?

ಉತ್ತರ

ಆಗುತ್ತದೆ. ಮೊದಲು ಒಂದು ವಿಷಯ ಬಿಡಿಸಿ ಹೇಳುತ್ತೇನೆ, ಗೊಂದಲ ಇರುವುದು ಅಲ್ಲೇ. ಈ ಬಟನ್ ಎರಡು ಕೆಲಸ ಮಾಡುತ್ತದೆ. ಮಲಗಿರುವ ಪಿಸಿಯನ್ನು ಎಬ್ಬಿಸುವುದು ಒಂದು. ಎದ್ದ ಮೇಲೆ ಒಂದು ಪ್ರೋಗ್ರಾಂ ಶುರು ಮಾಡುವುದು ಇನ್ನೊಂದು. ‘ನನ್’ ಕೊಟ್ಟು ನೀವು ನಿಲ್ಲಿಸಿದ್ದು ಎರಡನೆಯದನ್ನು ಮಾತ್ರ. ಎಬ್ಬಿಸುವ ಕೆಲಸ ಅದಕ್ಕಿಂತ ಕೆಳಗೆ, ಯಂತ್ರದ ಮಟ್ಟದಲ್ಲಿ ನಡೆಯುತ್ತದೆ. ಬಟನ್ ಪಟ್ಟಿಯಲ್ಲಿ ಏನೇ ಬದಲಿಸಿದರೂ ಅದು ನಿಲ್ಲುವುದಿಲ್ಲ.

ರಿಜಿಸ್ಟ್ರಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಜಾಗ, ಅದನ್ನು ತಿದ್ದಿ ನೋಡಿ ಅಂತ ಯಾರಾದರೂ ಹೇಳಬಹುದು. ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ಶೆಲ್, ಕೀಸ್ ಒಳಗೆ 40ಸಿ1, 40ಸಿ2 ಎಂದು ಬಟನ್‌ಗಳ ಸಾಲು ಇರುತ್ತದೆ. ಆದರೆ ಅಲ್ಲಿರುವುದೂ ಯಾವ ಬಟನ್‌ಗೆ ಯಾವ ಪ್ರೋಗ್ರಾಂ ಅನ್ನುವುದೇ. ಸುಮ್ನೆ ಅದಕ್ಕೆ ಕೈ ಹಾಕಬೇಡಿ.

ನೀವು ನೋಡಬೇಕಾದ ಜಾಗ ಬೇರೆ. ಅದೇ ಬಟನ್ಸ್ ಪುಟದ ಕೆಳಗಡೆ ‘ಲಾಕ್’ ಅನ್ನುವ ಟ್ಯಾಬ್ ಇದೆಯಾ ನೋಡಿ. ಪವರ್ ಬಟನ್ ಬಿಟ್ಟು ಉಳಿದ ಬಟನ್‌ಗಳು ಪಿಸಿಯನ್ನು ಎಬ್ಬಿಸದಂತೆ ತಡೆಯುವ ಆಯ್ಕೆ ಅಲ್ಲಿರುತ್ತದೆ. ಇದು ವಿಂಡೋಸ್ ಜೊತೆ ಬಂದದ್ದಲ್ಲ, ಪಿಸಿ ತಯಾರಿಸಿದವರು ಸೇರಿಸಿದ್ದು. ಹಾಗಾಗಿ ಎಲ್ಲ ಮಾಡೆಲ್‌ಗಳಲ್ಲಿ ಇರುವುದಿಲ್ಲ.

ಅದರ ಜೊತೆಗೆ ಇನ್ನೆರಡು ಸಣ್ಣ ಬದಲಾವಣೆ ಮಾಡಿ. ಸಿಸ್ಟಮ್ ಟ್ಯಾಬ್‌ನಲ್ಲಿ ಬ್ಯಾಕ್‌ಲೈಟ್ ತೆರೆದು, ಬಟನ್ ಒತ್ತಿದಾಗ ಬೆಳಕು ಹತ್ತಲಿ ಅನ್ನುವ ಟಿಕ್ ತೆಗೆಯಿರಿ. ಪವರ್ ತೆರೆದು, ಬಳಸದಿದ್ದರೆ 1 ನಿಮಿಷಕ್ಕೆ ಆಫ್ ಆಗಲಿ ಎಂದು ಇಡಿ. ಅಕಸ್ಮಾತ್ ಎದ್ದರೂ ಆಗ ಜಾಸ್ತಿ ಚಾರ್ಜ್ ತಿನ್ನುವುದಿಲ್ಲ.

ಮುಂದೆಂದಾದರೂ ಆ ಬಟನ್ ಬೇಕೆನಿಸಿದರೆ ಇನ್‌ಪುಟ್ ಸೆಟ್ಟಿಂಗ್‌ನಲ್ಲಿ ರೆಕಾರ್ಡಿಂಗ್ ಗುಣಮಟ್ಟ ನೋಡಿಕೊಳ್ಳಿ. 11,025 ಹರ್ಟ್ಜ್, 8 ಬಿಟ್, ಮೋನೋ ಇದ್ದರೆ ಸೆಕೆಂಡಿಗೆ 11 ಕೆಬಿ, ಗಂಟೆಗೆ ಸುಮಾರು 38 ಎಂಬಿ. ಅದೇ 44,100 ಹರ್ಟ್ಜ್, 16 ಬಿಟ್, ಸ್ಟೀರಿಯೋ ಇದ್ದರೆ ಸೆಕೆಂಡಿಗೆ 172 ಕೆಬಿ. ನಿಮಿಷಕ್ಕೆ 10 ಎಂಬಿ ಆಯಿತು. ನಿಮ್ಮ 64 ಎಂಬಿಯಲ್ಲಿ ಪ್ರೋಗ್ರಾಂಗಳೂ ಓಡಬೇಕು, ಫೈಲುಗಳೂ ಕೂರಬೇಕು ಅಲ್ವಾ? ಹೀಗಿದ್ದಾಗ ಬಟನ್ ಕೆಲವೇ ನಿಮಿಷ ಒತ್ತಿಕೊಂಡಿದ್ದರೂ ಜಾಗ ಮುಗಿದುಹೋಗುತ್ತದೆ. ಒತ್ತಿ ಹಿಡಿದಷ್ಟು ಹೊತ್ತೂ ರೆಕಾರ್ಡ್ ಆಗುತ್ತದೆ, ಬಿಟ್ಟಾಗಲೇ ನಿಲ್ಲುವುದು. ಚೀಲದೊಳಗೆ ಪುಸ್ತಕ ತಾನಾಗಿ ಬಿಡುವುದಿಲ್ಲ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ. ಲಾಕ್ ಟ್ಯಾಬ್ ಸಿಕ್ಕಿತು! ಇಷ್ಟು ವರ್ಷ ಬಳಸಿದರೂ ನೋಡಿರಲಿಲ್ಲ. ಟಿಕ್ ಹಾಕಿ, ಆಫ್ ಮಾಡಿ, ಬಟನ್ ಹತ್ತು ಸಲ ಒತ್ತಿದೆ. ಒಂದು ಸಲವೂ ಏಳಲಿಲ್ಲ.

ನಾಲ್ಕು ದಿನ ಎಲ್ಲ ಸರಿ ಇತ್ತು. ಐದನೇ ದಿನ ಮತ್ತೆ ಚೀಲದಿಂದ ತೆಗೆದಾಗ ಆನ್ ಆಗಿತ್ತು, ಚಾರ್ಜ್ ಅರ್ಧಕ್ಕೆ ಇಳಿದಿತ್ತು. ಲಾಕ್ ಟಿಕ್ ಹಾಗೇ ಇದೆ. ಬಟನ್ ಒಳಗೆ ಸಿಕ್ಕಿಹಾಕಿಕೊಂಡಿದೆಯಾ ಅಂತ ಅನುಮಾನ.

ಉತ್ತರ

ಅನುಮಾನ ಇದ್ದರೆ ಸುಲಭದ ಪರೀಕ್ಷೆ ಇದೆ. ರಾತ್ರಿ ಆಫ್ ಮಾಡಿ, ಅಂಚಿಗೆ ಏನೂ ತಾಗದಂತೆ ಮೇಜಿನ ಮೇಲೆ ಬೆನ್ನಡಿಯಾಗಿ ಇಡಿ. ಬೆಳಿಗ್ಗೆ ಹಾಗೇ ಆಫ್ ಇದ್ದರೆ ಪಿಸಿ ತಾನಾಗಿ ಏಳುತ್ತಿಲ್ಲ. ಚೀಲದೊಳಗಿನ ಒತ್ತಡದಿಂದ ಹೀಗಾಗುತ್ತಿರಬಹುದು. ತಾನಾಗಿ ಎದ್ದಿದ್ದರೆ ಮೊದಲು ಕ್ಯಾಲೆಂಡರ್ ಮತ್ತು ಗಡಿಯಾರದ ಅಲಾರಂ ನೋಡಿ. ಅಲಾರಂಗಳೂ ಪಿಸಿಯನ್ನು ಎಬ್ಬಿಸುತ್ತವೆ, ಲಾಕ್ ಅವನ್ನು ತಡೆಯುವುದಿಲ್ಲ.

ಇನ್ನೊಂದು ಮಾತು ಕೇಳಬೇಕು. ಐದನೇ ದಿನ ಚೀಲಕ್ಕೆ ಹಾಕುವ ಮೊದಲು ಪವರ್ ಬಟನ್ ಒತ್ತಿ ಆಫ್ ಮಾಡಿದ್ದಿರಾ? ಅಥವಾ 1 ನಿಮಿಷಕ್ಕೆ ತಾನೇ ಆಫ್ ಆಗುತ್ತದೆ ಎಂದು ಹಾಗೇ ಹಾಕಿದಿರಾ?

ಪ್ರಶ್ನೆ ಕೇಳಿದವರು

ಮೇಜಿನ ಮೇಲೆ ರಾತ್ರಿ ಇಟ್ಟಿದ್ದೆ, ಬೆಳಿಗ್ಗೆ ಆಫ್ ಇತ್ತು. ಹೌದು, ಅವತ್ತು ಓದುತ್ತಾ ಇದ್ದವನು ಅವಸರದಲ್ಲಿ ಹಾಗೇ ಚೀಲಕ್ಕೆ ಹಾಕಿದ್ದೆ.

ಉತ್ತರ

ಹಾಗಾದರೆ ಕಾರಣ ಸಿಕ್ಕಿತು. ಆ ಲಾಕ್ ಕೆಲಸ ಮಾಡುವುದು ಪಿಸಿ ಆಫ್ ಇದ್ದಾಗ ಮಾತ್ರ. ಆನ್ ಇದ್ದಾಗ ಬಟನ್‌ಗಳು ಎಂದಿನಂತೆ ಇರುತ್ತವೆ. ಚೀಲದೊಳಗೆ ಬಟನ್ ಮತ್ತೆ ಮತ್ತೆ ಒತ್ತಿಕೊಂಡರೆ ಯಾರೋ ಬಳಸುತ್ತಿದ್ದಾರೆ ಎಂದು ಪಿಸಿ ತಿಳಿಯುತ್ತದೆ. ಆ 1 ನಿಮಿಷದ ಎಣಿಕೆ ಪ್ರತಿ ಸಲ ಮೊದಲಿನಿಂದ ಶುರುವಾಗುತ್ತದೆ, ಕೊನೆ ಮುಟ್ಟುವುದೇ ಇಲ್ಲ. ಪವರ್ ಬಟನ್ ಒತ್ತಿಯೇ ಚೀಲಕ್ಕೆ ಹಾಕುವ ರೂಢಿ ಮಾಡಿಕೊಳ್ಳಿ.

ಮರೆವಿಗೂ ಒಂದು ರಕ್ಷಣೆ ಬೇಕೆಂದರೆ ಬಟನ್ ಸುತ್ತ ಸಣ್ಣ ದಿಂಬು ಕಟ್ಟಿ. ಹಿಂದೆ ಅಂಟು ಇರುವ ತೆಳ್ಳಗಿನ ಫೋಮ್ ಪಟ್ಟಿ ಸಿಗುತ್ತದೆ, 2 ಮಿಲಿಮೀಟರ್ ದಪ್ಪದ್ದು ಸಾಕು. ಅದರಿಂದ ಎರಡು ಸಣ್ಣ ತುಂಡು ಕತ್ತರಿಸಿ ಬಟನ್‌ನ ಮೇಲ್ಬದಿಗೆ ಒಂದು, ಕೆಳಬದಿಗೆ ಒಂದು ಅಂಟಿಸಿ. ಬಟನ್ ಆ ಎರಡರ ನಡುವೆ ತಗ್ಗಿನಲ್ಲಿ ಉಳಿಯಬೇಕು. ಒಂದು ಸ್ಕೇಲ್ ಅಡ್ಡ ಇಟ್ಟು ನೋಡಿ. ಸ್ಕೇಲ್ ಫೋಮ್ ಮೇಲೆ ಕೂತು ಬಟನ್‌ಗೆ ತಾಗದಿದ್ದರೆ ಸರಿಯಾಗಿದೆ ಎಂದರ್ಥ. ಅಂಟಿಸುವ ಮೊದಲು ಅಂಚನ್ನು ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಕೈಯ ಜಿಡ್ಡು ಇದ್ದರೆ ಎರಡೇ ದಿನಕ್ಕೆ ಬಿಟ್ಟುಕೊಳ್ಳುತ್ತದೆ.

ಇಲ್ಲಿ ಓದುತ್ತಿರುವ ಬೇರೆಯವರಿಗೆ ಲಾಕ್ ಟ್ಯಾಬ್ ಇಲ್ಲದ ಮಾಡೆಲ್ ಇರಬಹುದು. ಅವರಿಗೂ ನಾನು ಫೋಮ್ ಅನ್ನೇ ಹೇಳುತ್ತೇನೆ. ಬಿಚ್ಚಿ ಸರಿಮಾಡುವ ದಾರಿಯೂ ಇದೆ. ಹೊರಗೆ ಕಾಣುವ ಪ್ಲಾಸ್ಟಿಕ್ ಬಟನ್‌ನ ಹಿಂದೆ ಒಂದು ಪುಟ್ಟ ಗುಬುಟು ಇರುತ್ತದೆ, ಬೋರ್ಡ್ ಮೇಲಿನ ಸ್ವಿಚ್ಚನ್ನು ಒತ್ತುವುದು ಅದೇ. ಅದನ್ನು ಬ್ಲೇಡಿನಿಂದ ಸವರಿದರೆ ಬಟನ್ ಜಾಗದಲ್ಲೇ ಇರುತ್ತದೆ, ಸ್ವಿಚ್‌ಗೆ ಮುಟ್ಟುವುದಿಲ್ಲ. ನಾನು ಒಂದರಲ್ಲಿ ಮಾಡಿದ್ದೇನೆ, ಕೆಲಸ ಮಾಡುತ್ತದೆ. ಆದರೆ ಸವರಿದ್ದು ವಾಪಸ್ ಬರುವುದಿಲ್ಲ. ಎರಡು ಅರ್ಧಗಳನ್ನು ಬಿಡಿಸುವಾಗ ಕಾಗದದಷ್ಟು ತೆಳುವಾದ ರಿಬ್ಬನ್ ಕೇಬಲ್ ಹರಿದರೆ ಸ್ಕ್ರೀನೇ ಹೋಗುತ್ತದೆ. ಬ್ಯಾಟರಿ ಉಬ್ಬಿದ್ದು ಕಂಡರೆ ಅದನ್ನು ಚುಚ್ಚಬೇಡಿ, ಒತ್ತಬೇಡಿ, ಮತ್ತೆ ಚಾರ್ಜ್ ಮಾಡಲೂಬೇಡಿ. ಸ್ವಿಚ್ಚನ್ನೇ ಬೋರ್ಡಿನಿಂದ ಕೀಳುವ ಯೋಚನೆಯಂತೂ ಬೇಡ.

ಏನೇ ಮಾಡಿದರೂ ಮೊದಲು ಬ್ಯಾಕಪ್ ತೆಗೆಯಿರಿ. 2003ರ ಆವೃತ್ತಿಯಲ್ಲಿ ನಿಮ್ಮ ಲೆಕ್ಕ, ವಿಳಾಸ, ಸೆಟ್ಟಿಂಗ್ ಎಲ್ಲ ರ‍್ಯಾಮ್‌ನಲ್ಲೇ ಕೂತಿರುತ್ತವೆ. ಬ್ಯಾಟರಿ ಪೂರ್ತಿ ಇಳಿದರೆ ಅವೂ ಹೋದವು. 2005ರಲ್ಲಿ ಬಂದ ವಿಂಡೋಸ್ ಮೊಬೈಲ್ 5.0 ನಂತರವೇ ಇವು ಚಾರ್ಜ್ ಇಲ್ಲದಿದ್ದರೂ ಅಳಿಸಿಹೋಗದ ಫ್ಲ್ಯಾಶ್ ಮೆಮೊರಿಗೆ ಹೋಗಿದ್ದು. ಎಸ್‌ಡಿ ಕಾರ್ಡ್ ಜಾಗ ಇದ್ದರೆ ಲೆಕ್ಕದ ಫೈಲನ್ನು ಅಲ್ಲೇ ಸೇವ್ ಮಾಡಿ. ಬ್ಯಾಟರಿ ಸತ್ತರೂ ಕಾರ್ಡಿನಲ್ಲಿ ಇರುವುದಕ್ಕೆ ಏನೂ ಆಗುವುದಿಲ್ಲ. ಹಾರ್ಡ್ ರೀಸೆಟ್ ಆದರೆ, ಅಂದರೆ ಎಲ್ಲ ಅಳಿಸಿ ಪಿಸಿ ಹೊಸದರಂತಾದರೆ, ಆ ಲಾಕ್ ಟಿಕ್ ಕೂಡ ಹೋಗುತ್ತದೆ, ಮತ್ತೆ ಹಾಕಬೇಕು.

ಪ್ರಶ್ನೆ ಕೇಳಿದವರು

ಮೂರು ವಾರ ಆಯಿತು, ಬಂದು ಹೇಳೋಣ ಅನ್ನಿಸಿತು. ಫೋಮ್ ಅಂಟಿಸಿದೆ. ಮೊದಲ ಸಲ ತುಂಡು ದೊಡ್ಡದಾಗಿ ಬಟನ್‌ಗೇ ತಾಗುತ್ತಿತ್ತು, ತೆಗೆದು ಚಿಕ್ಕದಾಗಿ ಕತ್ತರಿಸಿದೆ. ಈಗ ಸ್ಕೇಲ್ ಇಟ್ಟರೆ ನಡುವೆ ಸಣ್ಣ ಸಂದು ಕಾಣುತ್ತದೆ. ಬೇಕೆಂದೇ ಒಮ್ಮೆ ಆನ್ ಇಟ್ಟು, ಪುಸ್ತಕಗಳ ನಡುವೆ ತುರುಕಿ, ಅರ್ಧ ಗಂಟೆ ಬಿಟ್ಟು ತೆಗೆದೆ. ತಾನೇ ಆಫ್ ಆಗಿತ್ತು.

ಲೆಕ್ಕದ ಫೈಲು ಈಗ ಕಾರ್ಡಿನಲ್ಲಿದೆ. ಆ ಏಳು ರೆಕಾರ್ಡಿಂಗ್ ಅಳಿಸಿದ ಮೇಲೆ ಹೊಸದಾಗಿ ಒಂದೂ ಬಂದಿಲ್ಲ.