ಸಾವಿನ ಮನೆ ಖರ್ಚು: ವಕೀಲ ಮೇಡಂಗೆ ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ಭಾನುವಾರದ ವಿಷಯ, ಮನೆಯಲ್ಲಿ ಸಾವಾದಾಗ ಆಗುವ ಖರ್ಚು ಮತ್ತು ಅದಕ್ಕೆ ದುಡ್ಡು ಹೊಂದಿಸುವ ದಾರಿ. ಚಿಕ್ಕಬಳ್ಳಾಪುರ ಕೋರ್ಟಿನಲ್ಲಿ ವಕೀಲಿಕೆ ಮಾಡುವ ನಮ್ಮ ಮೇಡಂ ಬಿಡುವು ಮಾಡಿಕೊಂಡು ಬಂದಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಶುಭೋದಯದ ಫೋಟೋ ಬೇಡ.

ಗುಡಿಬಂಡೆ ಕೆರೆ: ಮೇಡಂ, ಬಿಪಿಎಲ್ ಕಾರ್ಡ್ ಇದ್ದರೆ ಮಣ್ಣಿಗೆ ಸರ್ಕಾರ 5,000 ಕೊಡುತ್ತೆ ಅಂತಾರೆ. ನಿಜಾನಾ?

ವಕೀಲ ಮೇಡಂ: ಅಂತ್ಯಸಂಸ್ಕಾರ ಸಹಾಯ ನಿಧಿ ಅಂತ ಯೋಜನೆ ಬಂದದ್ದು ನಿಜ, 5,000 ಅಂತ ಇದ್ದದ್ದೂ ನಿಜ. ಅನುದಾನ ಇಲ್ಲದೆ ಅರ್ಜಿಗಳು ಕೊಳೆತದ್ದೂ ನಿಜ. ನಾಡಕಚೇರಿಗೆ ಹೋಗಿ, ಈಗ ಅರ್ಜಿ ತಗೋತಾರಾ, ಹಣ ಬಿಡುಗಡೆ ಆಗ್ತಿದೆಯಾ ಅಂತ ಮೊದಲು ಕೇಳಿ. ಅದನ್ನು ನಂಬಿಕೊಂಡು ಯಾರ ಹತ್ತಿರವೂ ಸಾಲ ಮಾಡಬೇಡಿ.

ಚಿಂತಾಮಣಿ ಟೊಮೇಟೊ: ನಾನು ಕೋಲಾರ ಜಿಲ್ಲೆ ನರಸಾಪುರದಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದೀನಿ, ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇದೆ. ಅಪ್ಪ ತೀರಿಕೊಂಡರು. 15 ಸಾವಿರ ಕ್ಲೈಮ್ ಮಾಡಬಹುದಾ?

ವಕೀಲ ಮೇಡಂ: ಇಲ್ಲ. ಇಎಸ್‌ಐನಲ್ಲಿ ಅಂತ್ಯಕ್ರಿಯೆ ವೆಚ್ಚ ಕೊಡುವುದು ವಿಮೆ ಮಾಡಿಸಿಕೊಂಡ ಕಾರ್ಮಿಕರೇ ತೀರಿಕೊಂಡಾಗ. ಅವರ ತಂದೆ ತಾಯಿ ಹೋದಾಗ ಅಲ್ಲ. ಕಾರ್ಮಿಕರೇ ಹೋಗಿದ್ದರೆ ಹೆಚ್ಚೆಂದರೆ 15,000 ಸಿಗುತ್ತೆ, ಮೂರು ತಿಂಗಳೊಳಗೆ ಕೇಳಬೇಕು.

ಬಾಗೇಪಲ್ಲಿ ಮಾವ: *ಫಾರ್ವರ್ಡ್* ಮನೆಯಲ್ಲಿ ಯಾರೇ ಸತ್ತರೂ ಕೇಂದ್ರ ಸರ್ಕಾರದಿಂದ 25,000!! ಈ ಲಿಂಕ್ ಒತ್ತಿ, ಆಧಾರ್ ಹಾಕಿ, ಓಟಿಪಿ ಕೊಡಿ. ಹತ್ತು ಜನಕ್ಕೆ ಕಳಿಸಿ.

ವಕೀಲ ಮೇಡಂ: ಇದು ಮೋಸ. ಒತ್ತಬೇಡಿ, ಯಾರಿಗೂ ಕಳಿಸಬೇಡಿ. ಸತ್ತವರ ಮನೆಯವರನ್ನೇ ಹುಡುಕಿ ದೋಚುವ ಕೆಲಸ. ಮಾವ, ದಯವಿಟ್ಟು ಅಳಿಸಿ.

ಬಾಗೇಪಲ್ಲಿ ಮಾವ: ನನಗೆ ಬಂದದ್ದು ಕಳಿಸಿದೆ ಅಷ್ಟೇ.

ಗೌರಿಬಿದನೂರು ತಂಗಿ: ಮೇಡಂ, ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ. ನಮ್ಮಕ್ಕನ ಗಂಡ ಹೋದ ವಾರ ತೀರಿಕೊಂಡರು, ಹೃದಯಾಘಾತ. 36 ವರ್ಷ, ಗಾರೆ ಕೆಲಸ. ಸ್ಕೂಲಿಗೆ ಹೋಗೋ ಇಬ್ಬರು ಮಕ್ಕಳು. ಭಾವನ ಅಣ್ಣ ಖರ್ಚಿಗೆ ಅಂತ ಊರಿನವರ ಹತ್ತಿರ ಒಂದೂವರೆ ಲಕ್ಷ ತಂದಿದ್ದಾರೆ. ನೂರಕ್ಕೆ ಐದು ರೂಪಾಯಿ ಬಡ್ಡಿ, ತಿಂಗಳಿಗೆ. ಪಲ್ಲಕ್ಕಿ 12,000, ಶಾಮಿಯಾನ ಕುರ್ಚಿ 6,000, ತಮಟೆ ಪಟಾಕಿ 9,000, ಗುಂಡಿಗೆ ಜೆಸಿಬಿ 2,500, ಆಸ್ಪತ್ರೆಯಿಂದ ತಂದ ಗಾಡಿ 4,000 ಆಗಿಹೋಗಿದೆ. ಮಿಕ್ಕದ್ದು ಗುರುವಾರದ ತಿಥಿಗೆ. ತಿಥಿ ಮುಗಿದ ಮೇಲೆ ಅಕ್ಕ ಒಂದು ಪತ್ರಕ್ಕೆ ಸಹಿ ಹಾಕಬೇಕಂತೆ, "ಸಾಲಕ್ಕೆ ಭದ್ರತೆ ಅಷ್ಟೇ" ಅಂತಾರೆ. ಭಾವ ದುಡಿದು ಕೊಂಡಿದ್ದ 20 ಗುಂಟೆ ಇದೆ. ಹಾಕಬಹುದಾ?

ವಕೀಲ ಮೇಡಂ: ಪತ್ರದ ಮೇಲೆ ಏನಂತ ಬರೆದಿದೆ ನೋಡಿ ಹೇಳಿ. ಅಲ್ಲಿಯವರೆಗೆ ಸಹಿ ಬೇಡ.

ಶಿಡ್ಲಘಟ್ಟ ರೇಷ್ಮೆ: ಪಲ್ಲಕ್ಕಿಗೆ 12 ಸಾವಿರಾನಾ! ನಮ್ಮ ಕಡೆ ಬಿದಿರಿನ ಚಟ್ಟಕ್ಕೇ ನಾಲ್ಕು ಹಾರ ಹಾಕಿ ಕಳಿಸ್ತೀವಿ.

ಮಂಚೇನಹಳ್ಳಿ ಗೌಡ: ಮೂವತ್ತಾರರ ಹುಡುಗ ಸಾರ್. ನಾಲ್ಕು ಜನ ನೋಡೋ ಹಾಗೆ ಕಳಿಸಬೇಡವಾ?

ಶಿಡ್ಲಘಟ್ಟ ರೇಷ್ಮೆ: ಆ ನಾಲ್ಕು ಜನ ಬಡ್ಡಿ ಕಟ್ಟುತ್ತಾರಾ?

ಗುಡಿಬಂಡೆ ಕೆರೆ: ಫ್ರೀಜರ್ ಪೆಟ್ಟಿಗೆ ಬಾಡಿಗೆಗೆ ಎಲ್ಲಿ ಸಿಗುತ್ತೆ, ಯಾರಿಗಾದರೂ ಗೊತ್ತಾ?

ಗೌರಿಬಿದನೂರು ತಂಗಿ: ಮೇಡಂ, ನೋಡಿದೆ. ಛಾಪಾ ಕಾಗದದ ಮೇಲೆ "ಸ್ವಾಧೀನ ಸಹಿತ ಕ್ರಯದ ಕರಾರು ಪತ್ರ" ಅಂತ ಟೈಪ್ ಆಗಿದೆ. ಸರ್ವೆ ನಂಬರ್, ಚೆಕ್ಕುಬಂದಿ ಎಲ್ಲಾ ಇದೆ. ಮೊತ್ತದ ಜಾಗ ಖಾಲಿ. ಅಕ್ಕ ಸಹಿ ಮಾಡೋ ಕಡೆಯೆಲ್ಲಾ ಪೆನ್ಸಿಲ್‌ನಲ್ಲಿ ಸಣ್ಣ ಗುರುತು ಹಾಕಿಟ್ಟಿದ್ದಾರೆ. ಮೂರು ಕಡೆ.

ವಕೀಲ ಮೇಡಂ: ಸಹಿ ಹಾಕಬೇಡಿ ಅಂತ ನಿಮ್ಮಕ್ಕನಿಗೆ ಈಗಲೇ ಫೋನ್ ಮಾಡಿ ಹೇಳಿ. ಆಮೇಲೆ ಮುಂದಿನದ್ದು ಓದಿ.

ಸಾಲಕ್ಕೆ ಬರೆಯುವುದು ಸಾಲದ ಪತ್ರ. ಅದರಲ್ಲಿ ತಗೊಂಡ ಮೊತ್ತ, ಬಡ್ಡಿ, ತೀರಿಸುವ ದಿನ ಇರುತ್ತೆ. ಕ್ರಯದ ಕರಾರು ಅಂದರೆ "ಈ ಜಮೀನು ನಿಮಗೆ ಮಾರುತ್ತೇನೆ, ಮುಂಗಡ ತಗೊಂಡಿದ್ದೇನೆ" ಅಂತ ಬರೆದುಕೊಟ್ಟ ಹಾಗೆ. ಸ್ವಾಧೀನ ಸಹಿತ ಅಂದರೆ ಜಮೀನು ಬಿಟ್ಟುಕೊಟ್ಟಿದ್ದೇನೆ ಅಂತ. ಮೊತ್ತದ ಜಾಗ ಖಾಲಿ ಬಿಟ್ಟರೆ ನಾಳೆ ಅಲ್ಲಿ ಏನು ಬೇಕಾದರೂ ತುಂಬಬಹುದು. ಎರಡು ವರ್ಷ ಬಿಟ್ಟು "ಉಳಿದ ದುಡ್ಡು ಕೊಡಲು ತಯಾರಿದ್ದೇನೆ, ನೋಂದಣಿ ಮಾಡಿಕೊಡಿ" ಅಂತ ದಾವೆ ಹಾಕುತ್ತಾರೆ. ಬೆಂಗಳೂರು ಹತ್ತಿರ ಬಂದ ಹಾಗೆ ನಮ್ಮ ಜಿಲ್ಲೆಯ ಗುಂಟೆಗೆ ಇರುವ ಬೆಲೆ ನಿಮಗೂ ಗೊತ್ತು, ಸಾಲ ಕೊಟ್ಟವರಿಗೂ ಗೊತ್ತು. ಇಂಥ ಪತ್ರ ಹಿಡಿದು ಬರುವ ವಿಧವೆಯರು ನಮ್ಮ ಕಚೇರಿಗೆ ಹೊಸಬರಲ್ಲ. ಹೆಚ್ಚಿನವರು ಸಹಿ ಹಾಕಿರುವುದು ಈ ಹನ್ನೊಂದು ದಿನದ ಒಳಗೇ.

ಇನ್ನೊಂದು ವಿಷಯ. ಆ ಜಮೀನು ಈಗ ಅಕ್ಕನೊಬ್ಬರದೇ ಅಲ್ಲ. ಭಾವ ಉಯಿಲು ಬರೆದಿಲ್ಲ ಅಂದರೆ ಅದು ಅಕ್ಕ, ಇಬ್ಬರು ಮಕ್ಕಳು, ಭಾವನ ತಾಯಿ ಬದುಕಿದ್ದರೆ ಅವರು, ಇಷ್ಟು ಜನಕ್ಕೂ ಸಮನಾಗಿ ಸೇರುತ್ತೆ. ಚಿಕ್ಕ ಮಕ್ಕಳ ಪಾಲು ಮಾರಲು ತಾಯಿಗೂ ನ್ಯಾಯಾಲಯದ ಅನುಮತಿ ಬೇಕು, ಹಿಂದೂ ಅಪ್ರಾಪ್ತರ ಪಾಲಕತ್ವದ 1956ರ ಕಾಯ್ದೆ ಹಾಗೇ ಹೇಳುತ್ತೆ. ಇದನ್ನು ಭಾವನ ಅಣ್ಣನಿಗೆ ಜಗಳ ಮಾಡದೆ ಹೇಳಿ. ಅವರಿಗೂ ಗೊತ್ತಿರಲಿಕ್ಕಿಲ್ಲ.

ಈಗ ಲೆಕ್ಕ. ನೂರಕ್ಕೆ ಐದು ಅಂದರೆ ಒಂದೂವರೆ ಲಕ್ಷಕ್ಕೆ ತಿಂಗಳಿಗೆ 7,500. ವರ್ಷಕ್ಕೆ 90,000 ಬರೀ ಬಡ್ಡಿ. ಮಣ್ಣು ಮಾಡಿದ ದಿನ ಆದದ್ದು 33,500. ಅದರಲ್ಲಿ ಪಲ್ಲಕ್ಕಿ, ತಮಟೆ, ಪಟಾಕಿಯೇ 21,000. ನಿಜಕ್ಕೂ ಬೇಕಾಗಿದ್ದ ಖರ್ಚು 12,500. ಹೋದದ್ದು ಹೋಯಿತು ಬಿಡಿ. ಉಳಿದ 1,16,500 ಇನ್ನೂ ಖರ್ಚಾಗಿಲ್ಲ ಅಲ್ವಾ? ಖರ್ಚಾಗದೆ ಇರುವಷ್ಟು ದುಡ್ಡು ಇವತ್ತೇ ವಾಪಸ್ ಕೊಡಿ, ಇಬ್ಬರು ಸಾಕ್ಷಿಗಳ ಮುಂದೆ ರಸೀದಿ ಬರೆಸಿಕೊಳ್ಳಿ. ತಿಥಿ ಮನೆಯ ಮಟ್ಟಕ್ಕೆ ಮಾಡಿ.

ಆಗಲೇ ಖರ್ಚಾದಷ್ಟು ಸಾಲ ತೀರಿಸಲು ಏನೂ ಇಲ್ಲ ಅಂದರೆ ಅಕ್ಕನ ಓಲೆಯನ್ನು ಬ್ಯಾಂಕಿನಲ್ಲಿ ಇಡಿ. ಅಲ್ಲಿ ವರ್ಷಕ್ಕೆ ನೂರಕ್ಕೆ ಹತ್ತರ ಆಸುಪಾಸು, ಇಲ್ಲಿ ವರ್ಷಕ್ಕೆ ಅರವತ್ತು.

ಬರಬೇಕಾದ ದುಡ್ಡೂ ಇರಬಹುದು. ಭಾವನ ಹತ್ತಿರ ಕಾರ್ಮಿಕ ಕಾರ್ಡ್ ಇತ್ತಾ? ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಅಂತ್ಯಕ್ರಿಯೆಗೆ 4,000, ಅದರ ಮೇಲೆ ಅನುಗ್ರಹ ರಾಶಿ, ಅಂದರೆ ಮನೆಯವರಿಗೆ ಕೊಡುವ ನೆರವಿನ ಹಣ ಬೇರೆ. ಬಿಪಿಎಲ್ ಇದ್ದು, ಮನೆ ನಡೆಸುತ್ತಿದ್ದವರು 18ರಿಂದ 59ರ ಒಳಗೆ ಹೋಗಿದ್ದರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ 20,000. ಎಲ್ಲಕ್ಕಿಂತ ಮುಖ್ಯ, ಭಾವನ ಪಾಸ್‌ಬುಕ್ ಎಂಟ್ರಿ ಮಾಡಿಸಿ. ಮೇ, ಜೂನ್ ಆಸುಪಾಸಿನಲ್ಲಿ 436 ರೂಪಾಯಿ ಕಟ್ ಆಗಿದೆಯಾ ನೋಡಿ. ಆಗಿದ್ದರೆ ಜೀವನ ಜ್ಯೋತಿ ವಿಮೆ, ಎರಡು ಲಕ್ಷ. ಬರೀ 20 ರೂಪಾಯಿ ಕಟ್ ಆಗಿದ್ದರೆ ಅದು ಅಪಘಾತದ್ದು, ಹೃದಯಾಘಾತಕ್ಕೆ ಬರಲ್ಲ. ಎಷ್ಟೋ ಜನ ಹೆಂಡತಿಗೂ ಹೇಳದೆ ಬ್ಯಾಂಕಿನಲ್ಲಿ ಫಾರಂಗೆ ಸಹಿ ಹಾಕಿರ್ತಾರೆ.

ಇದೆಲ್ಲಕ್ಕೂ ಮರಣ ಪ್ರಮಾಣ ಪತ್ರ ಬೇಕು. 21 ದಿನದ ಒಳಗೆ ನೋಂದಣಿ ಆಗಲಿ. ತಿಥಿ ಮುಗಿಯಲಿ ಅಂತ ಕಾಯಬೇಡಿ.

ಗೌರಿಬಿದನೂರು ತಂಗಿ: ಅಕ್ಕನಿಗೆ ಹೇಳಿದೆ ಮೇಡಂ. ಕಾರ್ಮಿಕ ಕಾರ್ಡ್ ಇದೆ, ನವೀಕರಣ ಆಗಿದೆಯಾ ಗೊತ್ತಿಲ್ಲ. ಪಾಸ್‌ಬುಕ್ ಹುಡುಕ್ತಿದ್ದಾರೆ.

ಮಂಚೇನಹಳ್ಳಿ ಗೌಡ: ಮೇಡಂ, ತಿಥಿ ಕಮ್ಮಿ ಮಾಡಿ ಅನ್ನೋದು ಸುಲಭ. ನಾವು ಹತ್ತು ಮನೆಯ ತಿಥಿ ಉಂಡಿದ್ದೀವಿ. ನಮ್ಮ ಮನೆಯಲ್ಲಿ ಆದಾಗ ಬರೀ ಅನ್ನ ಸಾರು ಹಾಕೋಕಾಗುತ್ತಾ? ಮುಯ್ಯಿ ಅಂತ ಒಂದಿದೆ.

ಶಿಡ್ಲಘಟ್ಟ ರೇಷ್ಮೆ: ಮುಯ್ಯಿಗೆ ಮುದ್ದೆ ಬಾಡೂಟ, ಹೆಂಡತಿಗೆ ಬಡ್ಡಿ. ಚೆನ್ನಾಗಿದೆ.

ಮಂಚೇನಹಳ್ಳಿ ಗೌಡ: ನಿಮಗೆ ಊರು ಕೇರಿ ಬೇಡ ಅಂದರೆ ನಿಮ್ಮಿಷ್ಟ. ಇನ್ನೊಂದು ಕೇಳ್ತೀನಿ. ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಕಾನೂನು ಮಾಡಿದ್ದಾರಲ್ಲ. ಹಾಗಾದರೆ ಅಪ್ಪನ ಮಣ್ಣಿನ ಖರ್ಚೂ ಸಮಪಾಲು ಕೊಡಲಿ. ಆವಾಗ ಮಾತ್ರ ಅಣ್ಣನ ಕಡೆ ಬೆರಳು ತೋರಿಸೋದು ಯಾಕೆ?

ಚೇಳೂರು ಟೀಚರ್: ಖರ್ಚು ಕೇಳಿದರೆ ಕೊಡುತ್ತೀವಿ. ನೀವು ಕೇಳೋದು ಖರ್ಚಲ್ಲ, ಹಕ್ಕು ಬಿಡುಗಡೆಗೆ ಸಹಿ. ನನ್ನ ಕೈಲೂ ಹಾಗೇ ಹಾಕಿಸಿಕೊಂಡರು, ತಿಥಿ ದಿನ, ಎಲೆ ಎತ್ತೋ ಮೊದಲೇ.

ಮಂಚೇನಹಳ್ಳಿ ಗೌಡ: ಮದುವೆಗೆ ಕೊಟ್ಟ ಒಡವೆ ಯಾಕೆ ಹೇಳಲ್ಲ ನೀವು?

ಚೇಳೂರು ಟೀಚರ್: ನಮ್ಮಪ್ಪ ಕೊಟ್ಟದ್ದು. ನೀವಲ್ಲ.

ಅಡ್ಮಿನ್: ದಯವಿಟ್ಟು ವೈಯಕ್ತಿಕ ಬೇಡ.

ವಕೀಲ ಮೇಡಂ: ಗೌಡ್ರೆ, ಪಾಲು ಬೇರೆ, ಖರ್ಚು ಬೇರೆ. ಖರ್ಚು ಕೊಟ್ಟಿಲ್ಲ ಅಂತ ಮಗಳ ಹಕ್ಕು ಹೋಗಲ್ಲ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಗೆ ಅಂಥ ಷರತ್ತಿಲ್ಲ. ಖರ್ಚು ಮಾಡಿದ ಮಗನಿಗೂ ಅನ್ಯಾಯ ಆಗಬಾರದು, ಒಪ್ಪುತ್ತೇನೆ. ಬಿಲ್ಲು, ಚೀಟಿ ಇಟ್ಟುಕೊಳ್ಳಿ. ಸತ್ತವರ ಹಣದಲ್ಲಿ ಅವರ ಸಾಲಗಳಿಗಿಂತ ಮೊದಲು ತೀರಬೇಕಾದ್ದು ಶವಸಂಸ್ಕಾರದ ವೆಚ್ಚ ಅಂತ 1925ರ ಉತ್ತರಾಧಿಕಾರ ಕಾಯ್ದೆ ಹೇಳುತ್ತೆ. ಆದರೆ ಅಲ್ಲಿ ಒಂದು ಮಾತಿದೆ, ಸತ್ತವರ ಅಂತಸ್ತಿಗೆ ತಕ್ಕಷ್ಟು, ನ್ಯಾಯವಾದಷ್ಟು ಮಾತ್ರ ಅಂತ. ಮಾಂಸದ ಬಿಲ್ಲು ಹಿಡಿದುಕೊಂಡು ಬರಬೇಡಿ.

ಚೇಳೂರು ಟೀಚರ್: ನನ್ನ ಸಹಿ ರದ್ದು ಮಾಡಿಸಬಹುದಾ ಮೇಡಂ?

ಗುಡಿಬಂಡೆ ಕೆರೆ: ಫ್ರೀಜರ್ ಪೆಟ್ಟಿಗೆ?

ಬಾಗೇಪಲ್ಲಿ ಮಾವ: *ಫಾರ್ವರ್ಡ್* ಗಮನಿಸಿ! ಮನೆಯಲ್ಲಿ ಸಾವಾದ ಕೂಡಲೇ ಸತ್ತವರ ಎಟಿಎಂನಿಂದ ದುಡ್ಡು ತೆಗೆದುಬಿಡಿ, ಇಲ್ಲದಿದ್ದರೆ ಸರ್ಕಾರ ತಗೊಂಡುಬಿಡುತ್ತೆ.

ವಕೀಲ ಮೇಡಂ: ಮಾವ, ಇದು ಎರಡನೇದು. ಸರ್ಕಾರ ತಗೊಳ್ಳಲ್ಲ. ಹತ್ತು ವರ್ಷ ಯಾರೂ ಕೇಳದೆ ಬಿದ್ದಿರುವ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತೆ, ಆಮೇಲೂ ವಾರಸುದಾರರು ಕೇಳಬಹುದು. ಸತ್ತ ಮೇಲೆ ಅವರ ಕಾರ್ಡ್ ಬಳಸಿದರೆ ನಾಳೆ ತಮ್ಮನೋ ತಂಗಿಯೋ ದೂರು ಕೊಡ್ತಾರೆ, ಸ್ಟೇಟ್‌ಮೆಂಟಿನಲ್ಲಿ ತಾರೀಖು ಇರುತ್ತೆ. ನಾಮಿನಿ ಇದ್ದರೆ ಮರಣ ಪತ್ರ ಕೊಟ್ಟು ಶಾಖೆಯಲ್ಲೇ ಕೇಳಿ. ನಾಮಿನಿ ಹಣ ಪಡೆಯುವವರು ಅಷ್ಟೇ, ಅದು ಎಲ್ಲಾ ವಾರಸುದಾರರದು. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಹೊರಡ್ತೀನಿ.

ನಂದಿ ಬೆಟ್ಟದಡಿ: ಮೇಡಂ, ಬಿಪಿಎಲ್‌ಗೆ ಐದು ಸಾವಿರ ಬರುತ್ತಂತೆ, ಹೇಗೆ ಹಾಕೋದು?

ವಕೀಲ ಮೇಡಂ: ಮೇಲೆ ಇದೆ.

ನಂದಿ ಬೆಟ್ಟದಡಿ: ಮೇಲೆ ಅಂದರೆ ಎಲ್ಲಿ?

ವಕೀಲ ಮೇಡಂ: ಮೊದಲನೇ ಪ್ರಶ್ನೆ. ಓದಿ.

ವಿದುರಾಶ್ವತ್ಥ ರಸ್ತೆ: ತುರ್ತು ಮೇಡಂ. ದೊಡ್ಡಪ್ಪ ಖಾಸಗಿ ಆಸ್ಪತ್ರೆಯಲ್ಲಿ ಬೆಳಗ್ಗೆ ಹೋದರು. ಬಾಕಿ 80 ಸಾವಿರ ಕಟ್ಟೋವರೆಗೂ ದೇಹ ಕೊಡಲ್ಲ ಅಂತಿದ್ದಾರೆ.

ವಕೀಲ ಮೇಡಂ: ಹಾಗೆ ಹಿಡಿದಿಟ್ಟುಕೊಳ್ಳುವಂತಿಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಪ್ರಕಾರ ಮೊದಲು ದೇಹ ಕೊಡಬೇಕು, ಬಾಕಿ ಆಮೇಲೆ ವಸೂಲಿ ಮಾಡಿಕೊಳ್ಳಬೇಕು. ಈ ಮಾತನ್ನೇ ಆಡಳಿತ ಕಚೇರಿಯಲ್ಲಿ ಹೇಳಿ. ಕೇಳದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು, ಜೊತೆಗೆ ಠಾಣೆಗೆ ಫೋನ್. ಖಾಲಿ ಚೆಕ್ ಕೊಟ್ಟು ಬರಬೇಡಿ. ಬಾಕಿ ಇದೆ ಅಂತ ಒಪ್ಪಿ ಬರೆದುಕೊಡಿ, ಸಾಕು.

ವಿದುರಾಶ್ವತ್ಥ ರಸ್ತೆ: ಈಗಲೇ ಮಾತಾಡ್ತೀನಿ.

ಚಿಂತಾಮಣಿ ಟೊಮೇಟೊ: ಆಕ್ಸಿಡೆಂಟಲ್ಲಿ ಹೋದರೆ ಮಣ್ಣಿನ ಖರ್ಚು ಬರುತ್ತಾ?

ವಕೀಲ ಮೇಡಂ: ಪರಿಹಾರದ ಕೇಸಿನಲ್ಲಿ ಅದಕ್ಕೆ ಬೇರೆ ಬಾಬ್ತು ಇದೆ. 2017ರಲ್ಲಿ ಸುಪ್ರೀಂ ಕೋರ್ಟ್ 15,000 ಅಂತ ಗೊತ್ತು ಮಾಡಿ, ಮೂರು ವರ್ಷಕ್ಕೊಮ್ಮೆ ಶೇ 10 ಏರಿಸಬೇಕು ಅಂದಿದೆ. ಗುದ್ದಿ ಓಡಿಹೋದ ಗಾಡಿ ಪತ್ತೆಯಾಗದಿದ್ದರೆ ಸರ್ಕಾರದ ಯೋಜನೆಯಲ್ಲಿ ಎರಡು ಲಕ್ಷ. ಎಫ್‌ಐಆರ್ ಬೇಕು. ನಿಮ್ಮದು ಎರಡನೇ ಪ್ರಶ್ನೆ.

ಮಂಚೇನಹಳ್ಳಿ ಗೌಡ: ಮೇಡಂ ಬೇಜಾರು ಮಾಡ್ಕೋಬೇಡಿ, ವಕೀಲರ ಫೀಸು ಸೇರಿಸಿದರೆ ಬಡ್ಡಿನೇ ವಾಸಿ.

ವಕೀಲ ಮೇಡಂ: ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ಉಚಿತ ವಕೀಲರನ್ನು ಕೊಡ್ತಾರೆ, ಆದಾಯ ಎಷ್ಟೇ ಇರಲಿ. ಇದನ್ನು ಯಾರೂ ಫಾರ್ವರ್ಡ್ ಮಾಡಲ್ಲ.

ಶಿಡ್ಲಘಟ್ಟ ರೇಷ್ಮೆ: ಗೌಡ್ರಿಗೆ ಬಿತ್ತು.

ಮಂಚೇನಹಳ್ಳಿ ಗೌಡ: ನೀವು ಸುಮ್ನೆ ಇರ್ರೀ. ಯಾರು ಕೇಳಿದ್ರು ನಿಮ್ಮನ್ನ.

ಗೌರಿಬಿದನೂರು ತಂಗಿ: ಮೇಡಂ, ಪಾಸ್‌ಬುಕ್ ಸಿಕ್ತು. ಮೇ ಕೊನೆಯಲ್ಲಿ 436 ಇದೆ! ಹೋದ ವರ್ಷದ್ದೂ ಇದೆ. ಪುಟದ ಫೋಟೋ, ಕರಾರು ಪತ್ರದ ಫೋಟೋ ಎರಡೂ ಇಲ್ಲಿ ಹಾಕಿದ್ದೀನಿ.

ವಕೀಲ ಮೇಡಂ: ಒಳ್ಳೆಯದಾಯಿತು. ಫೋಟೋ ಎರಡೂ ತೆಗೆಯಿರಿ, ಖಾತೆ ನಂಬರ್, ಆಧಾರ್ ಎಲ್ಲಾ ಕಾಣ್ತಿದೆ, ಇಲ್ಲಿ ನಾನೂರು ಜನ ಇದ್ದಾರೆ. ಮರಣ ಪತ್ರ ಸಿಕ್ಕ ತಕ್ಷಣ ಬ್ಯಾಂಕಿನಲ್ಲಿ ಕ್ಲೈಮ್ ಫಾರಂ ಕೇಳಿ. ನಾಳೆ ಕೋರ್ಟಿನ ಹತ್ತಿರ ಬನ್ನಿ, ಕರಾರಿನ ಮೂಲ ಪ್ರತಿ, ಕಾರ್ಮಿಕ ಕಾರ್ಡ್, ಪಹಣಿ ತನ್ನಿ. ಭಾವನ ಅಣ್ಣನನ್ನೂ ಕರೆತನ್ನಿ.

ಗೌರಿಬಿದನೂರು ತಂಗಿ: ಅವರು ಬರಲ್ಲ ಅಂತಿದ್ದಾರೆ. ಮರ್ಯಾದೆ ಹೋಯ್ತಂತೆ. ಅಕ್ಕ, ನಾನು ಬರ್ತೀವಿ.

ವಕೀಲ ಮೇಡಂ: ಸರಿ. ಹತ್ತು ಗಂಟೆ ಒಳಗೆ ಬನ್ನಿ, ಆಮೇಲೆ ನಾನು ಕೋರ್ಟ್ ಹಾಲಿನಲ್ಲಿರ್ತೀನಿ.