ಬಸವನಹುಳುವಿನ ಚಿಪ್ಪಿಗೆ "ಸುಣ್ಣ" ಬೇಕು ಅಂತ ಬರೆಯಬಹುದಾ?

ಗೆಳೆಯರೇ,

ಅಕ್ವೇರಿಯಂನಲ್ಲಿ ಸಾಕುವ ಬಸವನಹುಳುಗಳ ಬಗ್ಗೆ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ಕೆಲವು ಪದಗಳ ವಿಷಯದಲ್ಲಿ ನಿಮ್ಮ ಸಲಹೆ ಬೇಕು. ಒಂದು ಸರ್ಕಾರಿ ಶಾಲೆಯಲ್ಲಿ ಮೀನಿನ ತೊಟ್ಟಿಯ ಪಕ್ಕ ಅಂಟಿಸುವ ಹಾಳೆ ಇದು. ತೊಟ್ಟಿ ನೋಡಿಕೊಳ್ಳುವವರು ಆರನೇ, ಏಳನೇ ಕ್ಲಾಸಿನ ಮಕ್ಕಳು, ಅವರ ಜೊತೆಗೆ ಬಿಸಿಯೂಟದ ಅಕ್ಕ. ಅಂಗಡಿಯವರು ಮಿಸ್ಟರಿ ಸ್ನೇಲ್ ಅಂತ ಮಾರುವ ಹಳದಿ ಹುಳುಗಳು ಅದರಲ್ಲಿವೆ. ದಕ್ಷಿಣ ಅಮೆರಿಕ ಮೂಲದ ಜಾತಿ. ನಮ್ಮ ಕೆರೆ, ಗದ್ದೆಗಳಲ್ಲಿ ಸಿಗುವ, ಜೀವಶಾಸ್ತ್ರದ ಲ್ಯಾಬಿನಲ್ಲಿ ಕೊಯ್ದು ನೋಡುತ್ತಿದ್ದ ಪೈಲಾ ಇದೆಯಲ್ಲ, ಅದೂ ಇದೂ ಒಂದೇ ಕುಟುಂಬ. ಹಾಳೆಯಲ್ಲಿ ಇಂಗ್ಲಿಷ್ ಕಮ್ಮಿ ಇರಲಿ ಅಂತ ಆಸೆ. ಆದರೆ ಓದಿದವರ ಕೈಯಲ್ಲಿ ತಪ್ಪು ಕೆಲಸ ಆಗಬಾರದು, ನನಗೆ ಅದೇ ಮುಖ್ಯ.

ಮೊದಲು ಸುಣ್ಣ. ಚಿಪ್ಪಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ರಾಗಿಯಲ್ಲಿ ಸುಣ್ಣದ ಅಂಶ ಜಾಸ್ತಿ, ಮೂಳೆಗೆ ಸುಣ್ಣದ ಅಂಶ ಬೇಕು ಅಂತ ನಾವೆಲ್ಲ ಕೇಳಿಯೇ ಬೆಳೆದವರು. ಹಾಗಾಗಿ "ನೀರಿನಲ್ಲಿ ಸುಣ್ಣದ ಅಂಶ ಕಮ್ಮಿಯಾದರೆ ಚಿಪ್ಪು ತೆಳ್ಳಗಾಗುತ್ತದೆ" ಅನ್ನೋದು ಯಾರಿಗೂ ತಟ್ಟನೆ ಅರ್ಥವಾಗುವ ವಾಕ್ಯ. ತೊಂದರೆ ಇರೋದು ಅದರ ಮುಂದಿನ ಸಾಲಿನಲ್ಲಿ. "ಸುಣ್ಣ ಒದಗಿಸಿ" ಅಂತ ಬರೆದೆ ಅನ್ನಿ. ಎಲೆಅಡಿಕೆ ಹಾಕುವವರ ಮನೆಯಲ್ಲಿ ಸುಣ್ಣದ ಡಬ್ಬಿ ಕೈಗೆಟಕುವಲ್ಲೇ ಇರುತ್ತದೆ, ಮಕ್ಕಳು ಒಳ್ಳೆ ಮನಸ್ಸಿನಿಂದಲೇ ಅದನ್ನು ತಂದು ಒಂದು ಚಮಚ ಹಾಕಿಬಿಡಬಹುದು. ಆ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದರ ತಿಳಿನೀರಿನ ಪಿಎಚ್ (ನೀರು ಹುಳಿಯಾ, ಕ್ಷಾರವಾ ಅಂತ ತಿಳಿಸುವ ಅಳತೆ, 7 ಅಂದರೆ ಎರಡೂ ಅಲ್ಲ) 12 ದಾಟುತ್ತದೆ, ಈ ಹುಳುಗಳಿಗೆ ಬೇಕಾದದ್ದು 7.2ರಿಂದ 8ರ ಆಸುಪಾಸು. ಸಣ್ಣ ತೊಟ್ಟಿಯಾದರೆ ಹುಳುವೂ ಉಳಿಯುವುದಿಲ್ಲ, ಮೀನೂ ಉಳಿಯುವುದಿಲ್ಲ.

ವಿಚಿತ್ರ ಅಂದರೆ ಸುಣ್ಣಕ್ಕೂ ಚಿಪ್ಪಿಗೂ ನೇರ ಸಂಬಂಧವೇ ಇದೆ. ಕರಾವಳಿಯಲ್ಲಿ ಅಳಿವೆಯ ಚಿಪ್ಪನ್ನು ಗೂಡಿನಲ್ಲಿ ಸುಟ್ಟು ತಾನೇ ಸುಣ್ಣ ಮಾಡುತ್ತಿದ್ದದ್ದು. ಸುಟ್ಟಾಗ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗುತ್ತದೆ, ನೀರು ಹಾಕಿದರೆ ಸುಣ್ಣ ಅರಳುತ್ತದೆ, ಗೋಡೆಗೆ ಬಳಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟೇ ಆಗುತ್ತದೆ. ಸುಡುವ ಮೊದಲಿನ ರೂಪಕ್ಕೆ ಸುಣ್ಣಕಲ್ಲು ಅನ್ನೋ ಮಾತಿದೆ, ಆದರೆ ಅದು ಕಲ್ಲಿನ ಹೆಸರಾಯಿತು. ಚಿಪ್ಪು, ಮೊಟ್ಟೆಯ ಹೊರಭಾಗ, ಹವಳ ಇವೆಲ್ಲದರಲ್ಲೂ ಇರುವ ಸುಡದ ಸುಣ್ಣಕ್ಕೆ ಆಡುಮಾತಿನಲ್ಲಿ ಒಂದು ಪದ ಇದೆಯಾ? ಇದ್ದರೆ ದಯವಿಟ್ಟು ತಿಳಿಸಿ. ಸದ್ಯಕ್ಕೆ ನನ್ನ ಒಲವು ಎಲ್ಲ ಕಡೆ ಕ್ಯಾಲ್ಸಿಯಂ ಅಂತಲೇ ಬರೆದು, ಕೆಳಗೆ ದಪ್ಪಕ್ಷರದಲ್ಲಿ "ಎಲೆಗೆ ಹಚ್ಚುವ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ ಹಾಕಲೇಬೇಡಿ" ಅಂತ ಸೇರಿಸುವುದು. ಮಾತ್ರೆ ನುಂಗುವವರಿಗೆಲ್ಲ ಕ್ಯಾಲ್ಸಿಯಂ ಪರಿಚಿತ ಪದವೇ, ಅಲ್ವಾ?

ಎರಡನೆಯದು ನೀರಿನ ಹೆಸರು. ಪಠ್ಯಪುಸ್ತಕದಲ್ಲಿ ಗಡಸು ನೀರು, ಮೆದು ನೀರು. ಬೆಂಗಳೂರಿನ ಮನೆಗಳಲ್ಲಿ ಕೇಳಿ ನೋಡಿ, ಬೋರ್‌ವೆಲ್ ನೀರಿಗೆ ಉಪ್ಪು ನೀರು ಅಂತಾರೆ, ಕಾವೇರಿ ನೀರಿಗೆ ಸಿಹಿ ನೀರು ಅಂತಾರೆ. ಗೀಜರ್ ಒಳಗೆ, ಪಾತ್ರೆಯ ತಳದಲ್ಲಿ ಬಿಳಿ ಪದರ ಬಂದರೆ "ಉಪ್ಪು ಕಟ್ಟಿದೆ" ಅನ್ನುತ್ತಾರೆ. ಆ ಪದರ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಚಿಪ್ಪಿನಲ್ಲಿರುವುದೇ. ಇಷ್ಟು ಒಳ್ಳೆಯ ಉದಾಹರಣೆ ಬಿಡಲು ಮನಸ್ಸಿಲ್ಲ. "ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವ ನೀರು ಬಸವನಹುಳುವಿಗೆ ಒಳ್ಳೆಯದು, ಆರ್‌ಓ ನೀರು ಒಂದನ್ನೇ ಹಾಕಬೇಡಿ" ಅಂದರೆ ಯಾರಿಗೂ ತಿಳಿಯುತ್ತದೆ. ಆದರೆ "ಉಪ್ಪು ನೀರು ಒಳ್ಳೆಯದು" ಅಂತ ಬರೆದರೆ ಅಡುಗೆಮನೆಯ ಉಪ್ಪು ತೊಟ್ಟಿಗೆ ಬೀಳುವ ಅಪಾಯ ಇದೆ. ಗಡಸು ಅನ್ನೋ ಪದ ಮಕ್ಕಳಿಗೆ ಎಂಟನೇ ಕ್ಲಾಸಿಗೂ ಮೊದಲು ಗೊತ್ತಿರುತ್ತದಾ? ಮೇಷ್ಟ್ರುಗಳು ಯಾರಾದರೂ ಇದ್ದರೆ ಹೇಳಿ. ಅಕ್ವೇರಿಯಂ ಸಾಕುವವರು ಗಡಸುತನವನ್ನು ಜಿಎಚ್, ಕೆಎಚ್ ಅಂತ ಎರಡಾಗಿ ಅಳೆಯುತ್ತಾರೆ. ಮೊದಲನೆಯದು ಕ್ಯಾಲ್ಸಿಯಂ, ಮೆಗ್ನೀಷಿಯಂ ಎಷ್ಟಿದೆ ಅನ್ನೋದು, ಎರಡನೆಯದು ಪಿಎಚ್ ಇಳಿಯದ ಹಾಗೆ ತಡೆಯುವ ಕಾರ್ಬೊನೇಟ್ ಎಷ್ಟಿದೆ ಅನ್ನೋದು. ಈ ಎರಡು ಹೆಸರು ಪರೀಕ್ಷೆ ಕಿಟ್‌ನ ಮೇಲೆ ಹಾಗೇ ಇರುವುದರಿಂದ ಅನುವಾದ ಮಾಡುವುದಿಲ್ಲ.

ಮೂರನೆಯ ಪ್ರಶ್ನೆಗೆ ಸ್ವಲ್ಪ ಉದ್ದ ಬರೆಯಬೇಕು. ಚಿಪ್ಪು "ಸವೆಯುತ್ತದೆ" ಅನ್ನಬೇಕಾ, "ಕರಗುತ್ತದೆ" ಅನ್ನಬೇಕಾ? ಹಾಳಾದ ಚಿಪ್ಪನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ. ಸುರುಳಿ ಶುರುವಾಗುವ ಮೇಲ್ಭಾಗದಲ್ಲಿ ಹಳದಿ ಬಣ್ಣ ಮಾಸಿ ಬಿಳಿಚಿಕೊಂಡಿರುತ್ತದೆ, ಅಲ್ಲಲ್ಲಿ ಸೂಜಿಮೊನೆಯಷ್ಟು ಗುಳಿ ಇರುತ್ತವೆ, ಉಗುರಿನಿಂದ ಮೆಲ್ಲಗೆ ಮುಟ್ಟಿದರೆ ತೆಳು ಚಕ್ಕೆ ಏಳುತ್ತದೆ. ಕೆಳಗೆ ಚಿಪ್ಪಿನ ಬಾಯಿಯ ಹತ್ತಿರ, ಅಂದರೆ ಹುಳು ಹೊರಗೆ ಬರುವ ಕಡೆ, ಮಾತ್ರ ನುಣುಪಾಗಿ, ಬೆಳಕು ಒಳಗೆ ಹಾಯುವಷ್ಟು ತೆಳ್ಳಗೆ ಹೊಸ ಚಿಪ್ಪು ಬೆಳೆಯುತ್ತಿರುತ್ತದೆ. ಸವೆಯೋದು ಅಂದರೆ ಉಜ್ಜಿ ಉಜ್ಜಿ ಹೋಗೋದು, ಚಪ್ಪಲಿ ಸವೆದ ಹಾಗೆ. ಇಲ್ಲಿ ಯಾರೂ ಉಜ್ಜುತ್ತಿಲ್ಲ. ನೀರು ಹುಳಿಯಾದಾಗ, ಅಂದರೆ ಪಿಎಚ್ 7ಕ್ಕಿಂತ ಕೆಳಗಿಳಿದಾಗ, ಕ್ಯಾಲ್ಸಿಯಂ ಕಾರ್ಬೊನೇಟ್ ಕರಗುತ್ತದೆ. ತೊಟ್ಟಿಯಲ್ಲಿ ಮರದ ಬೊಡ್ಡೆ, ಕಾಡುಬಾದಾಮಿ ಎಲೆ ಜಾಸ್ತಿ ಇದ್ದರೆ, ಗಿಡಗಳಿಗೆ ಅಂತ ಕಾರ್ಬನ್ ಡೈಆಕ್ಸೈಡ್ ಬಿಟ್ಟರೆ, ವಾರಗಟ್ಟಲೆ ನೀರು ಬದಲಿಸದಿದ್ದರೆ ಪಿಎಚ್ ಇಳಿಯುತ್ತದೆ. ಮೊಟ್ಟೆ ಸಿಪ್ಪೆಯ ಒಂದು ಚೂರನ್ನು ವಿನೆಗರ್‌ನಲ್ಲಿ ಹಾಕಿದರೆ ಗುಳ್ಳೆ ಏಳುವುದನ್ನು ಮಕ್ಕಳಿಗೆ ತೋರಿಸಬಹುದು. ಅದನ್ನು ನೋಡಿದ ಮೇಲೆ "ಕರಗುತ್ತದೆ" ಅನ್ನೋ ಪದ ಅವರಿಗೆ ಸುಲಭವಾಗಿ ಹಿಡಿಸುತ್ತದೆ ಅಂತ ನನ್ನ ನಂಬಿಕೆ. ಸವೆಯುತ್ತದೆ ಅಂದರೆ ತೊಟ್ಟಿಯ ಕಲ್ಲಿಗೆ ಉಜ್ಜಿಯೇ ಹೀಗಾಯಿತು ಅಂತ ಕಲ್ಲು ತೆಗೆಯುತ್ತಾರೆ, ಕರಗುತ್ತದೆ ಅಂದರೆ ನೀರನ್ನು ನೋಡುತ್ತಾರೆ. ಹಾಗಾಗಿ ನನ್ನ ಆಯ್ಕೆ ಕರಗು.

ಚಿಪ್ಪಿನ ಮೇಲೆ ಒಂದು ತೆಳ್ಳನೆಯ ಜೈವಿಕ ಪದರ ಇರುತ್ತದೆ, ಬಣ್ಣದ ಹೊಳಪು ಅದರಲ್ಲೇ. ಅದು ಕಿತ್ತುಹೋದ ಮೇಲೆಯೇ ಒಳಗಿನ ಬಿಳಿ ಭಾಗಕ್ಕೆ ನೀರು ತಾಗೋದು. ಅದಕ್ಕೆ ಹೊರಪೊರೆ ಅನ್ನೋಣ ಅಂದುಕೊಂಡಿದ್ದೆ, ಆಮೇಲೆ ಹಾವು ಪೊರೆ ಬಿಡುವುದು ನೆನಪಾಯಿತು. ಬಸವನಹುಳು ಹಳೆ ಚಿಪ್ಪು ಕಳಚಿ ಹೊಸದು ಹಾಕಿಕೊಳ್ಳುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗೇನೂ ಇಲ್ಲ. ಮೈ ಚಿಪ್ಪಿಗೆ ಸ್ನಾಯುವಿನಿಂದ ಅಂಟಿಕೊಂಡಿರುತ್ತದೆ, ಒಂದೇ ಚಿಪ್ಪು ಹುಟ್ಟಿನಿಂದ ಸಾಯುವವರೆಗೆ, ಬಾಯಿಯ ಅಂಚಿನಲ್ಲಿ ಸೇರುತ್ತಾ ಸೇರುತ್ತಾ ದೊಡ್ಡದಾಗುತ್ತದೆ. ಪೊರೆ ಅಂದರೆ ಆ ತಪ್ಪು ನಂಬಿಕೆಗೆ ಇನ್ನಷ್ಟು ಬಲ ಬರುತ್ತದೆ. "ಮೇಲ್ಪದರ" ಸಾಕಾ? ಚಪ್ಪೆ ಅನಿಸುತ್ತದೆ, ಆದರೆ ಅಪಾಯ ಇಲ್ಲ.

ಇದರ ಜೊತೆಗೇ ಚಿಪ್ಪಿನ ಭಾಗಗಳ ಹೆಸರು. "ತುದಿ" ಅಂತ ಬರೆದರೆ ಯಾವ ತುದಿ ಅಂತ ಗೊಂದಲ. ಒಂದು ಕಡೆ ಅತಿ ಹಳೆಯ ಭಾಗ, ಇನ್ನೊಂದು ಕಡೆ ಅತಿ ಹೊಸ ಭಾಗ. ಹಳೆಯದಕ್ಕೆ ನೆತ್ತಿ, ಹೊಸದಕ್ಕೆ ಬಾಯಂಚು ಅಂತ ಹಾಕಿದ್ದೇನೆ. ಇದು ಸುಮ್ನೆ ಚೆಂದಕ್ಕೆ ಮಾಡಿದ್ದಲ್ಲ. ನೆತ್ತಿಯಲ್ಲಿ ಬಿದ್ದ ಗುಳಿ ಹೊರಗಿನಿಂದ ತುಂಬಿಕೊಳ್ಳುವುದಿಲ್ಲ. ತೂತು ಬಿದ್ದರೆ ಹುಳು ಒಳಗಿನಿಂದ ಒಂದಿಷ್ಟು ತೇಪೆ ಹಾಕಿಕೊಳ್ಳಬಹುದು, ಅಷ್ಟೇ. ನೀರು ಸರಿಯಾಯಿತಾ ಅಂತ ತಿಳಿಯಲು ಬಾಯಂಚಿನಲ್ಲಿ ಬರುವ ಹೊಸ ಚಿಪ್ಪನ್ನು ನೋಡಬೇಕು. ಹೀಗೆ ಹೇಳದಿದ್ದರೆ ಮಕ್ಕಳು ಬಿಳಿ ಕಲೆ ಹೋಗಲಿಲ್ಲ ಅಂತ ಬೇಜಾರು ಮಾಡಿಕೊಂಡು ಇನ್ನಷ್ಟು ಕ್ಯಾಲ್ಸಿಯಂ ಪುಡಿ ಸುರಿಯುತ್ತಾರೆ. ಬಾಯಿ ಮುಚ್ಚಿಕೊಳ್ಳುವ ಬಿಲ್ಲೆಗೆ ಮುಚ್ಚಳ ಸಾಕು, ಬಾಗಿಲು ಅಂದರೂ ನಡೆಯುತ್ತದೆ.

ಇನ್ನು ಕ್ಯಾಲ್ಸಿಯಂ ಎಲ್ಲಿಂದ ತರೋದು. ಶಾಲೆಯಲ್ಲಿ ಮಕ್ಕಳಿಗೆ ಮೊಟ್ಟೆ ಕೊಡುತ್ತಾರೆ, ಸಿಪ್ಪೆಗೆ ಬರ ಇಲ್ಲ. ಒಳಗಿನ ತೆಳು ಪೊರೆ ತೆಗೆದು, ತೊಳೆದು, ಒಣಗಿಸಿ, ಪುಡಿ ಮಾಡಿ ಬಟ್ಟೆ ಗಂಟಿನಲ್ಲಿ ಕಟ್ಟಿ ಫಿಲ್ಟರ್ ಹತ್ತಿರ ಇಟ್ಟರೆ ನಿಧಾನವಾಗಿ ಕರಗುತ್ತದೆ. ನೀರು ಹುಳಿಯಾದಷ್ಟೂ ಬೇಗ, ಹುಳಿ ಇಲ್ಲದಿದ್ದರೆ ತೀರಾ ನಿಧಾನ. ಮೊಟ್ಟೆ ಸಿಪ್ಪೆ, ಮೊಟ್ಟೆ ಚಿಪ್ಪು ಎರಡೂ ಬಳಕೆಯಲ್ಲಿವೆ. ಹುಳುವಿಗೆ ಚಿಪ್ಪು, ಮೊಟ್ಟೆಗೆ ಸಿಪ್ಪೆ ಅಂತ ಹಾಳೆ ಪೂರ್ತಿ ಬೇರೆ ಬೇರೆ ಇಟ್ಟಿದ್ದೇನೆ.

ಪಂಜರದ ಗಿಳಿಗೆ ಕೊಕ್ಕು ಉಜ್ಜಲು ಇಡುವ ಬಿಳಿ, ಹಗುರ ಹಲಗೆಯಂಥದ್ದು ಇದೆಯಲ್ಲ, ಪೆಟ್ ಅಂಗಡಿಗಳಲ್ಲಿ ಅದಕ್ಕೆ ಕಟಲ್‌ಬೋನ್ ಅಂತಾರೆ. ಬೊಂಡಾಸದ (ಸ್ಕ್ವಿಡ್) ಬಳಗಕ್ಕೆ ಸೇರಿದ ಒಂದು ಕಡಲಜೀವಿಯ ಒಳಚಿಪ್ಪು ಅದು. ಬಸವನಹುಳು ಸಾಕುವವರು ಒಂದು ತುಂಡು ಮುರಿದು ನೀರಿಗೆ ಹಾಕುತ್ತಾರೆ, ಮೊದಲು ತೇಲುತ್ತದೆ, ನೆನೆದ ಮೇಲೆ ಮುಳುಗುತ್ತದೆ. ಆಯುರ್ವೇದದಲ್ಲಿ ಇದೇ ಸಮುದ್ರಫೇನ. ಕನ್ನಡದಲ್ಲಿ ಸಮುದ್ರನೊರೆ, ಕಡಲನೊರೆ ಅಂತ ಕೇಳಿದ್ದೇನೆ. ಹಾಳೆಯಲ್ಲಿ ಕಡಲನೊರೆ ಅಂತ ಬರೆದರೆ ಗ್ರಂಧಿಗೆ ಅಂಗಡಿಯವರು ಸರಿಯಾದದ್ದನ್ನೇ ಕೊಡುತ್ತಾರಾ, ಅಥವಾ ಕಟಲ್‌ಬೋನ್ ಅಂತಲೇ ಬರೆದು ಗಿಳಿಯ ಗುರುತು ಹೇಳೋದು ವಾಸಿಯಾ? ಕಾರವಾರದಿಂದ ಮಂಗಳೂರಿನವರೆಗೆ ಮೀನುಗಾರರು ಈ ಹಲಗೆಗೆ ಏನನ್ನುತ್ತಾರೆ ಅಂತ ಆ ಕಡೆಯವರು ಬರೆದರೆ ತುಂಬಾ ಉಪಕಾರ.

ಕೊನೆಯ ಒಂದು ಪದ. ಮೀನಿನ ಕೆಲವು ಔಷಧಿಗಳಲ್ಲಿ ಕಾಪರ್ ಸಲ್ಫೇಟ್ ಇರುತ್ತದೆ, ಅದು ಬಸವನಹುಳುವಿಗೆ ವಿಷ. ಇದಕ್ಕೆ ಮೈಲುತುತ್ತ ಅಂತ ಬರೆಯುತ್ತೇನೆ. ಅಡಿಕೆ ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಸಿಂಪಡಿಸುವ ಮನೆಯ ಮಕ್ಕಳಿಗೆ ಇದು ಗೊತ್ತು, ಆದರೆ ಈ ಶಾಲೆ ಇರೋದು ಬಯಲುಸೀಮೆಯಲ್ಲಿ. ಕೋಲಾರ, ತುಮಕೂರು ಕಡೆ ಮೈಲುತುತ್ತ ಅನ್ನೋ ಹೆಸರು ಇನ್ನೂ ಬಳಕೆಯಲ್ಲಿದೆಯಾ? ಶುಕ್ರವಾರ ಹಾಳೆ ಪ್ರಿಂಟ್‌ಗೆ ಕೊಡಬೇಕು, ಅಷ್ಟರೊಳಗೆ ಉತ್ತರಿಸಿದರೆ ತಿದ್ದಿಕೊಳ್ಳುತ್ತೇನೆ.