ಅಪ್‌ಡೇಟ್: ಕೊನೆಗೆ ಉದ್ದ ಮೈಕಿನ ಹೆಡ್‌ಸೆಟ್ಟೇ ತಗೊಂಡೆ

ಮನೆಯಿಂದಲೇ ಕೆಲಸ, ದಿನಕ್ಕೆ ನಾಲ್ಕೈದು ಗಂಟೆ ಕಾಲ್. ಇರುವ ಬ್ಲೂಟೂತ್ ಹೆಡ್‌ಫೋನೇ ಸಾಕಾ, ಆಫೀಸ್ ಹೆಡ್‌ಸೆಟ್ ಬೇಕಾ ಅಂತ ಹೋದ ತಿಂಗಳು ಕೇಳಿದ್ದೆ.

ನಮ್ಮ ಮನೆ ಕೋಲಾರ ಎಪಿಎಂಸಿ ಹತ್ತಿರ. ಟೊಮೆಟೊ ಸೀಸನ್‌ನಲ್ಲಿ ಲಾರಿ ಹಾರನ್ ನಿಲ್ಲುವುದೇ ಇಲ್ಲ. ಹೆಡ್‌ಫೋನಿನಲ್ಲಿ ಹೊರಗಿನ ಸದ್ದು ತಗ್ಗಿಸುವ ನಾಯ್ಸ್ ಕ್ಯಾನ್ಸಲಿಂಗ್ ಹಾಕಿದರೆ ನನಗೇನೋ ಹಾಯಾಗಿತ್ತು. ಆದರೆ ಮ್ಯಾನೇಜರ್, "ಏನಮ್ಮಾ, ಮಂಡಿಯಲ್ಲೇ ಕೂತಿದ್ದೀಯಾ?" ಅಂದರು. ಆಗ ತಲೆಗೆ ಹೊಳೆಯಿತು, ಅದು ನನ್ನ ಕಿವಿಗೆ ಮಾತ್ರ ಅಲ್ವಾ! ಆ ಹೆಡ್‌ಫೋನಿನ ಮೈಕು ಕಿವಿಯ ಹತ್ತಿರವೇ ಇರುತ್ತದೆ. ನನ್ನ ಮಾತಿನ ಜೊತೆ ಹಾರನ್ನನ್ನೂ ಹಿಡಿಯುತ್ತಿತ್ತು.

ಇನ್ನೊಂದು ತಮಾಷೆ. ಕಾಲ್‌ಗೆ ಮೈಕು ಆನ್ ಆದ ಕೂಡಲೇ ಬ್ಲೂಟೂತ್ ಹಾಡಿನ ಮೋಡ್ ಬಿಟ್ಟು ಕಾಲ್ ಮೋಡ್‌ಗೆ ಇಳಿಯುತ್ತಿತ್ತು. ಸ್ಟೀರಿಯೋ ಹೋಗಿ ಮೋನೋ, ಅಂದರೆ ಎರಡೂ ಕಿವಿಗೆ ಒಂದೇ ಸದ್ದು. ದನಿ ಹಳೇ ಲ್ಯಾಂಡ್‌ಲೈನ್ ಥರ. ಸುಮ್ನೆ ಇಂಟರ್ನೆಟ್‌ನವನನ್ನು ಬೈದುಕೊಂಡಿದ್ದೆ.

ಈಗ ತಗೊಂಡಿದ್ದು ಯುಎಸ್‌ಬಿ ವೈರಿನದು. ಮೈಕಿನ ಕಡ್ಡಿಯನ್ನು ತುಟಿಯ ಅಂಚಿನಿಂದ ಎರಡು ಬೆರಳು ದೂರಕ್ಕೆ ಬಗ್ಗಿಸಬೇಕು. ನೇರ ಬಾಯಿ ಮುಂದೆ ಇಟ್ಟರೆ ಉಸಿರು ಭುಸ್ ಭುಸ್ ಅನ್ನುತ್ತದೆ. ಬಾಲ್ಕನಿಯಲ್ಲಿ ಎರಡರಲ್ಲೂ ರೆಕಾರ್ಡ್ ಮಾಡಿ ಕೇಳಿದೆ. ಹೊಸದರಲ್ಲಿ ಲಾರಿ ದೂರದಲ್ಲೆಲ್ಲೋ ಇದೆ, ನಾನು ಹತ್ತಿರ ಇದ್ದೇನೆ. ವೈರಿನಲ್ಲೇ ಮ್ಯೂಟ್ ಗುಂಡಿ. ಕುಕ್ಕರ್ ಕೂಗುವ ಮನೆಯಲ್ಲಿ ಅದೇ ದೊಡ್ಡ ವರ.

ಹಾಡು ಮಾತ್ರ ಸಪ್ಪೆ. ವೈರು ಎರಡು ಸಲ ಕುರ್ಚಿ ಚಕ್ರಕ್ಕೆ ಸಿಕ್ಕಿದೆ. ಹಳೇ ಹೆಡ್‌ಫೋನು ತಮ್ಮನ ಕುತ್ತಿಗೆಗೆ ಹೋಗಿದೆ, ವಾಪಸ್ ಬರುವ ಲಕ್ಷಣ ಕಾಣುತ್ತಿಲ್ಲ.